ಸಂಪಾದಕರ ಉತ್ತರ: ಮುಜುಗರ ಯಾರದ್ದು, ಕೇಸು ಯಾರ ಮೇಲೆ?

"ನಮ್ಮ ಏರಿಯಾದ ಪಾರ್ಕಿನಲ್ಲಿ ಬೆಳಗ್ಗೆ ಗಂಡಸರು ಬನಿಯನ್ ಕೂಡ ಬಿಚ್ಚಿ ವ್ಯಾಯಾಮ ಮಾಡುತ್ತಾರೆ. ಯಾರೂ ಏನೂ ಅನ್ನೋದಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದ ನನ್ನ ಮಗಳಿಗೆ ಒಬ್ಬರು 'ಪೊಲೀಸರನ್ನ ಕರೀತೀನಿ' ಅಂದರು. ಹೆಣ್ಣಿನ ಎದೆ ಕಂಡರೇ ಅಪರಾಧವಾ?"
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಮೇಡಂ, ಮೊದಲು ಮಗಳಿಗೆ ಧೈರ್ಯ ಹೇಳಿ. ಮಗುವಿಗೆ ಹಾಲು ಕುಡಿಸುವುದು ತಪ್ಪು ಅನ್ನುವ ಕಾನೂನು ನಮ್ಮಲ್ಲಿ ಇಲ್ಲ. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಸಾರ್ವಜನಿಕ ಜಾಗದಲ್ಲಿ ಹಾಲುಣಿಸುವ ತಾಯಿಯನ್ನು ಕೀಳಾಗಿ ಕಾಣಬಾರದು ಎಂದು ಹೇಳಿತು. ಆ ಪೀಠದಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಹಾಲು ಕುಡಿಸುವ ಮಾತು ಬಿಡಿ, ಗಂಡಸರಂತೆ ಹೆಂಗಸೊಬ್ಬಳು ಮೇಲಂಗಿ ಇಲ್ಲದೆ ಕೂತರೆ? ಈಗ ಇರುವುದು ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿಯಾಗುವಂತೆ ಅಶ್ಲೀಲವಾಗಿ ನಡೆದುಕೊಂಡರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದರಲ್ಲಿ ಹೆಣ್ಣು, ಗಂಡು, ಎದೆ ಯಾವುದರ ಮಾತೂ ಇಲ್ಲ. ಅಶ್ಲೀಲ ಅಂದರೆ ಯಾವುದು ಅಂತಲೂ ಅಲ್ಲಿ ಹೇಳಿಲ್ಲ. ಹಾಗಾಗಿ ನೋಡಿದವರ ಕಿರಿಕಿರಿಯೇ ಜಾಸ್ತಿ ತೂಗುತ್ತದೆ. ವಾರಂಟ್ ಇಲ್ಲದೆಯೇ ಪೊಲೀಸರು ಬಂಧಿಸಬಹುದು, ಆದರೆ ಜಾಮೀನು ಸಿಗುತ್ತದೆ. ಇವತ್ತು ಬೆಂಗಳೂರಿನಲ್ಲಿ ಅಂಥ ಹೆಂಗಸಿನ ಮೇಲೆ ಕೇಸು ಬೀಳುತ್ತದೆ, ಪಕ್ಕದಲ್ಲೇ ಬರಿಮೈಯಲ್ಲಿ ಓಡುವ ಗಂಡಸಿನ ಮೇಲೆ ಬೀಳುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ಕೆನಡಾದ ಒಂದು ಕೇಸು ನೋಡಿ. 1991ರ ಜುಲೈ, ಗ್ವೆಲ್ಫ್ ಊರು, ಸುಡು ಬಿಸಿಲು. ವಿದ್ಯಾರ್ಥಿನಿ ಗ್ವೆನ್ ಜೇಕಬ್ ಮೇಲಂಗಿ ತೆಗೆದು ರಸ್ತೆಯಲ್ಲಿ ನಡೆದರು. ಗಂಡಸರು ಹಾಗೆ ಓಡಾಡಬಹುದಾದರೆ ನಾನೇಕೆ ಬಾರದು ಅನ್ನುವುದು ಅವರ ವಾದ. ಕೆಳ ಕೋರ್ಟು ದಂಡ ಹಾಕಿತು. 1996ರಲ್ಲಿ ಒಂಟಾರಿಯೊ ಮೇಲ್ಮನವಿ ಕೋರ್ಟು ಅವರನ್ನು ಬಿಟ್ಟಿತು. ಅಲ್ಲಿ ಕೇಳಿದ್ದು, ಇದರಿಂದ ಯಾರಿಗೆ ಏನು ಹಾನಿಯಾಯಿತು ಅಂತ. ಬೇಡ ಅನ್ನಿಸಿದವರು ನೋಡುತ್ತಲೇ ಇರಬೇಕು ಅಂತ ಯಾರೂ ಬಲವಂತ ಮಾಡಿರಲಿಲ್ಲ ಎಂದೂ ಕೋರ್ಟು ಹೇಳಿತು.

ನಮ್ಮಲ್ಲೂ ಕೋರ್ಟುಗಳು ಸುಮ್ನೆ ಕೂತಿಲ್ಲ. ಬರೀ ಬೆತ್ತಲೆ ಅನ್ನುವ ಕಾರಣಕ್ಕೇ ಚಿತ್ರವೊಂದು ಅಶ್ಲೀಲವಾಗದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಕೇರಳ ಹೈಕೋರ್ಟ್, ತನ್ನ ಬರಿಮೈ ಮೇಲೆ ಮಕ್ಕಳಿಂದ ಬಣ್ಣ ಬರೆಸಿಕೊಂಡು ಅದರ ವಿಡಿಯೊ ಹಾಕಿದ್ದ ತಾಯಿಯನ್ನು ಕೇಸಿನಿಂದ ಕೈಬಿಡುವಾಗ, ಗಂಡಿನ ಬರಿ ಎದೆಯನ್ನು ಯಾರೂ ಅಶ್ಲೀಲ ಅನ್ನುವುದಿಲ್ಲ ಎಂಬುದನ್ನು ನೆನಪಿಸಿತು. ಆದರೆ ಆಕೆಯ ವಿಡಿಯೊ ಮನೆಯೊಳಗಿನದ್ದು. ಪಾರ್ಕಿನ ಬೆಂಚಿಗೆ ಅದು ನೇರವಾಗಿ ಹೊಂದುವುದಿಲ್ಲ.

2024ರ ಜುಲೈ 1ರಂದು ಹಳೆಯ ದಂಡ ಸಂಹಿತೆ ಐಪಿಸಿ ಹೋಗಿ ಈ ಹೊಸ ಸಂಹಿತೆ ಬಂತು. ಆಗಲೇ ಇದನ್ನು ಸರಿಮಾಡಬಹುದಿತ್ತು. ಐಪಿಸಿಯ 294ನೇ ಕಲಂ ಹೋಗಿ 296 ಆಯಿತು, ದಂಡಕ್ಕೆ ಮಿತಿ ಬಂತು, ಕಿರಿಕಿರಿಯ ಅಳತೆಗೋಲು ಮಾತ್ರ ಹಾಗೇ ಉಳಿಯಿತು. ಅದನ್ನು ತೆಗೆದು, ಆದ ಹಾನಿ ಏನು ಅಂತ ತೋರಿಸಬೇಕು ಎಂದು ಬರೆಯಲಿ. ಗಂಡಿಗೊಂದು, ಹೆಣ್ಣಿಗೊಂದು ನಿಯಮ ಬೇಕು ಅನ್ನುವವರು ಅದನ್ನೂ ಸಂಸತ್ತಿನಲ್ಲಿ ಎದ್ದು ನಿಂತು ಹೇಳಲಿ, ಸ್ಟೇಷನ್ನಿನ ಪೇದೆಯ ತಲೆಗೆ ಕಟ್ಟುವುದು ಬೇಡ.