ಬ್ರಿಟನ್ನಿನ ರಾಕ್ ಸಂಗೀತ ತಂಡ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ ಇಷ್ಟು ವರ್ಷಗಳಾದರೂ ಕೇಳುಗರಿಗೆ ಏಕೆ ಹಳತಾಗಿಲ್ಲ?

1973ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಈ ಆಲ್ಬಮ್ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್‌ನಲ್ಲಿ ಒಟ್ಟಾರೆ 900ಕ್ಕೂ ಹೆಚ್ಚು ವಾರ ಕಾಣಿಸಿಕೊಂಡಿದೆ. ಇಷ್ಟು ದೀರ್ಘವಾದ ಒಲವನ್ನು ಬರೀ ಹಳೆಯ ನೆನಪುಗಳ ಮೋಹವೆಂದು ತಳ್ಳಿಹಾಕಲಾಗದು.

ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣವೆಂದರೆ, ಇದು ಬಿಡಿ ಹಾಡುಗಳ ಕಟ್ಟಲ್ಲ. ಎದೆಬಡಿತದ ಸದ್ದಿನಿಂದ ತೊಡಗಿ, ಕಾಲ, ಹಣ, ಸಾವು, ಬುದ್ಧಿಭ್ರಮಣೆಗಳನ್ನು ಹಾದು, ಅದೇ ಎದೆಬಡಿತದಲ್ಲಿ ಮುಗಿಯುವ ಸುಮಾರು 43 ನಿಮಿಷಗಳ ಒಂದೇ ಕೃತಿ ಇದು. ಹರೆಯದಲ್ಲಿ ‘ಟೈಮ್’ ಹಾಡಿನ ಗಡಿಯಾರಗಳ ಗದ್ದಲಕ್ಕೆ ಬೆರಗಾದವರಿಗೆ, ನಲವತ್ತು ದಾಟಿದ ಮೇಲೆ ಅದರ ಸಾಹಿತ್ಯ ಚುರುಕ್ಕೆನ್ನುತ್ತದೆ.

ಧ್ವನಿಯ ಕುಸುರಿಯೂ ಅಂಥದೇ. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದಲ್ಲಿ ರೂಪುಗೊಂಡ ಈ ಆಲ್ಬಮ್‌ನ ‘ಮನಿ’ ಹಾಡಿಗಾಗಿ, ನಾಣ್ಯಗಳ ಝಣಝಣ, ಹರಿಯುವ ಕಾಗದ, ಗಲ್ಲಾಪೆಟ್ಟಿಗೆಯ ಗಂಟೆ ಮುಂತಾದ ಸದ್ದುಗಳನ್ನು ಮುದ್ರಿಸಿ, ಟೇಪನ್ನು ಅಳತೆಗೆ ಕತ್ತರಿಸಿ ಅಂಟಿಸಿ, ಏಳು ಎಣಿಕೆಯ ಲಯವನ್ನು ಕಟ್ಟಲಾಯಿತು. (ಏಳೆಣಿಕೆಯ ಮಿಶ್ರಛಾಪು ತಾಳ ಬಲ್ಲ ನಮ್ಮ ಕಿವಿಗಳಿಗೆ ಅದು ಅಷ್ಟೇನೂ ವಿಚಿತ್ರವೆನಿಸದು.) ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ಯಲ್ಲಿ ಗಾಯಕಿ ಕ್ಲೇರ್ ಟೋರಿ ಅವರು ಪದಗಳ ಹಂಗಿಲ್ಲದೆ, ಕೇವಲ ಸ್ವರದಲ್ಲಿ ಸಾವಿನ ಭಯವನ್ನೂ ಅದರ ಶಮನವನ್ನೂ ಹಾಡಿದ್ದಾರೆ, ಆ ದಿನ ಅವರಿಗೆ ಸಂದದ್ದು 30 ಪೌಂಡ್.

ತಂಡದ ಕಥೆಯೂ ಅಭಿಮಾನಿಗಳನ್ನು ಹಿಡಿದಿಟ್ಟಿದೆ. ಮಾನಸಿಕ ಅಸ್ವಾಸ್ಥ್ಯದಿಂದ 1968ರಲ್ಲಿ ತಂಡದಿಂದ ದೂರವಾದ ಸ್ಥಾಪಕ ಸದಸ್ಯ ಸಿಡ್ ಬ್ಯಾರೆಟ್ ಅವರ ನೆರಳು ಈ ಆಲ್ಬಮ್‌ನ ‘ಬ್ರೇನ್ ಡ್ಯಾಮೇಜ್’ ಹಾಡಿನ ಮೇಲೆ ಸ್ಪಷ್ಟವಾಗಿದೆ. ಮುಂದೆ ತಂಡದ ಸದಸ್ಯರಾದ ರೋಜರ್ ವಾಟರ್ಸ್, ಡೇವಿಡ್ ಗಿಲ್ಮೋರ್ ಮುನಿಸಿಕೊಂಡು ಬೇರೆಯಾದರು. 2005ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಈ ಆಲ್ಬಮ್ ರೂಪಿಸಿದ ತಂಡದ ನಾಲ್ವರೂ ಮತ್ತೆ ಒಂದೇ ವೇದಿಕೆಯೇರಿದಾಗ ಮೊದಲು ನುಡಿಸಿದ್ದು ಇದೇ ಆಲ್ಬಮ್‌ನ ‘ಬ್ರೀದ್’.