ಓದುಗರ ಪ್ರಶ್ನೆ: ತಳದ ಎರಡು ತಂಡಗಳು ಎದುರಾದಾಗ ಯಾರನ್ನು ನಂಬಬೇಕು?

ಕಂಪ್ಯೂಟರ್‌ನಲ್ಲೋ ಕಾರ್ಡು ದಾಳಗಳಲ್ಲೋ ಬೇಸ್‌ಬಾಲ್ ಲೀಗ್ ನಡೆಸುವ ಮಂಗಳೂರು, ಉಡುಪಿ ಕಡೆಯ ಓದುಗರು ಈ ಸಲ ಕೇಳಿದ್ದರಲ್ಲಿ ಹೆಚ್ಚಿನವು ಪಟ್ಟಿಯ ತಳದಲ್ಲಿ ಒದ್ದಾಡುತ್ತಿರುವ ತಂಡಗಳ ಬಗ್ಗೆ. ಆರಿಸಿದ ಆರಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ನಮ್ಮ ಸಿಮ್ ಲೀಗ್‌ನಲ್ಲಿ (ಕಂಪ್ಯೂಟರ್ ಆಡಿಸುವ ಕಲ್ಪಿತ ಲೀಗ್) 100 ಪಂದ್ಯ ಮುಗಿದಿದೆ. ಮಲ್ಪೆ ತಂಡ 33 ಗೆದ್ದು ಕೊನೆಯಲ್ಲಿದೆ, ಬಜಪೆ 41 ಗೆದ್ದು ಅದರ ಮೇಲಿದೆ. ಮಲ್ಪೆ ಹೊಡೆದ ರನ್ 402, ಬಿಟ್ಟುಕೊಟ್ಟದ್ದು 498. ಬಜಪೆಯದು 380 ಮತ್ತು 500. ಬರುವ ವಾರ ಮಲ್ಪೆಯ ಅಂಗಳದಲ್ಲಿ ಮೂರು ಪಂದ್ಯಗಳ ಸರಣಿ. ಮುನ್ನೋಟ ಬರೆಯುವ ಪಾಳಿ ನನ್ನದು. ಬಜಪೆಗೇ ಮೇಲುಗೈ ಎಂದು ಬರೆಯಬಹುದಲ್ಲವೇ? (ಮಣಿಪಾಲದಿಂದ ಒಬ್ಬ ಓದುಗರು)

ಉತ್ತರ: ಬರೆಯಬೇಡಿ. ನೀವೇ ಕಳಿಸಿದ ರನ್ ಲೆಕ್ಕ ಬೇರೆಯದನ್ನೇ ಹೇಳುತ್ತಿದೆ. ಗೆಲುವು ಸೋಲಿನ ಪಟ್ಟಿ ಆಗಿಹೋದದ್ದರ ಲೆಕ್ಕ. ಮುಂದಿನ ಪಂದ್ಯಕ್ಕೆ ಅದಕ್ಕಿಂತ ರನ್ ಲೆಕ್ಕವೇ ಹೆಚ್ಚು ಭರವಸೆಯ ಸಾಕ್ಷಿ.

ಅಮೆರಿಕದ ಬೇಸ್‌ಬಾಲ್ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ಕೊಟ್ಟ ಸೂತ್ರ ಸುಲಭದ್ದು. ಹೊಡೆದ ರನ್ನಿನ ವರ್ಗವನ್ನು, ಹೊಡೆದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿ. ಮಲ್ಪೆಗೆ 1,61,604 ಭಾಗ 4,09,608, ಅಂದರೆ 0.395. ಬಜಪೆಗೆ 1,44,400 ಭಾಗ 3,94,400, ಅಂದರೆ 0.366. ರನ್ ಪ್ರಕಾರ ಮಲ್ಪೆ 39 ಅಥವಾ 40 ಗೆಲ್ಲಬೇಕಿತ್ತು, ಬಜಪೆ 36 ಅಥವಾ 37. ಕೊನೆಯ ಸ್ಥಾನದ ತಂಡವೇ ತುಸು ಮೇಲು.

ಮುಂದಿನ ಹೆಜ್ಜೆ, ಇಬ್ಬರನ್ನೂ ಎದುರುಬದುರು ನಿಲ್ಲಿಸುವುದು. ಇದಕ್ಕೂ ಬಿಲ್ ಜೇಮ್ಸ್‌ರದೇ 'ಲಾಗ್ 5' ಎಂಬ ಲೆಕ್ಕ ಇದೆ. ಮೇಲಿನ ಎರಡು ಗೆಲುವಿನ ಪಾಲುಗಳನ್ನು ಗುಣಿಸಿ: 0.145. ಇದನ್ನು ಮಲ್ಪೆಯ ಪಾಲಿನಿಂದ ಕಳೆದರೆ 0.250, ಬಜಪೆಯ ಪಾಲಿನಿಂದ ಕಳೆದರೆ 0.221. ಉಳಿದ ಈ ಎರಡರ ಮೊತ್ತದಲ್ಲಿ ಮಲ್ಪೆಯ ಭಾಗ 0.53, ಅಂದರೆ ಒಂದು ಪಂದ್ಯ ಗೆಲ್ಲುವ ಅವಕಾಶ 53%. ಬರೀ ಗೆಲುವಿನ ಪಟ್ಟಿ ಹಿಡಿದು ಇದೇ ಲೆಕ್ಕ ಮಾಡಿದ್ದರೆ ಮಲ್ಪೆಗೆ 0.41 ಬರುತ್ತಿತ್ತು. ಎಷ್ಟು ತಿರುಗಿತು ನೋಡಿ.

ಇದಕ್ಕೆ ಸ್ವಂತ ಅಂಗಳದ ಲಾಭ ಸೇರಿಸಬೇಕು. ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗ್‌ನಲ್ಲಿ ತವರು ತಂಡ ಗೆಲ್ಲುವುದು ಹೆಚ್ಚುಕಡಿಮೆ ನೂರಕ್ಕೆ 54 ಬಾರಿ. ನಿಮ್ಮ ಆಟದ ಸೆಟ್ಟಿಂಗ್ ಅದನ್ನೇ ಅನುಸರಿಸುತ್ತಿದ್ದರೆ ಮಲ್ಪೆಗೆ ಒಂದು ಪಂದ್ಯಕ್ಕೆ ಸುಮಾರು 57%. ಮೂರರಲ್ಲಿ ಕನಿಷ್ಠ ಎರಡು ಗೆಲ್ಲುವ ಅವಕಾಶ 60%, ಬಜಪೆ ಮೂರನ್ನೂ ಬಾಚಿಕೊಳ್ಳುವ ಅವಕಾಶ 8%. ಮುನ್ನೋಟದಲ್ಲಿ ಈ ಶೇಕಡಾವಾರನ್ನೇ ಬರೆಯಿರಿ. 'ಮಲ್ಪೆ ಗೆಲ್ಲುತ್ತದೆ' ಎಂದರೆ ಹತ್ತು ಸರಣಿಯಲ್ಲಿ ನಾಲ್ಕು ಬಾರಿ ಸುಳ್ಳಾಗುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕೆಲಸ. ಸೂತ್ರ ಕೈಕೊಡುವ ಜಾಗಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವುದು ತಂಡ ಬದಲಾದಾಗ. ಸೋಲುವ ತಂಡದ ಮಾಲೀಕರು ಋತುವಿನ ನಡುವೆ ಒಳ್ಳೆಯ ಪಿಚರ್‌ನನ್ನು (ಚೆಂಡು ಎಸೆಯುವವನನ್ನು) ಮಾರಿಬಿಡುತ್ತಾರೆ. ಆಗ 498 ಎಂಬುದು ಈಗಿಲ್ಲದ ತಂಡದ ಅಂಕಿ. ಹಾಗಿದ್ದರೆ ವ್ಯಾಪಾರ ನಡೆದ ದಿನದಿಂದ ಈಚಿನ ರನ್‌ಗಳನ್ನೂ ಬೇರೆಯಾಗಿ ಎಣಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡನೆಯದು, 18-2 ತರದ ಒಂದೆರಡು ದೊಡ್ಡ ಗೆಲುವು ಮೊತ್ತವನ್ನು ಉಬ್ಬಿಸಿರಬಹುದು. ಫಲಿತಾಂಶ ಪಟ್ಟಿ ತೆರೆದು ಹತ್ತಕ್ಕಿಂತ ಹೆಚ್ಚು ಅಂತರದ ಪಂದ್ಯಗಳನ್ನು ಗುರುತು ಹಾಕಿಕೊಳ್ಳಿ. ಮೂರನೆಯದು ಒಂದೇ ರನ್ನಿನ ಪಂದ್ಯಗಳು. ಮಲ್ಪೆ ಲೆಕ್ಕಕ್ಕಿಂತ ಆರೇಳು ಗೆಲುವು ಹಿಂದೆ ಬಿದ್ದದ್ದು ಅಲ್ಲೇ ಇರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಎಂಟು, ಒಂಬತ್ತನೇ ಇನ್ನಿಂಗ್ಸ್ ಎಸೆಯುವವರ ಅಂಕಿ ನೋಡಿ. ಅವರು ನಿಜಕ್ಕೂ ದುರ್ಬಲರಾಗಿದ್ದರೆ ಆ ಸೋಲುಗಳಲ್ಲಿ ಒಂದು ಪಾಲು ಮುಂದೆಯೂ ಬರುತ್ತದೆ, ಮಲ್ಪೆಯ ಶೇಕಡಾವಾರಿನಿಂದ ಒಂದೆರಡು ಅಂಕ ಇಳಿಸಿ. ಅವರು ಚೆನ್ನಾಗಿದ್ದೂ ಸೋತಿದ್ದರೆ ಅದು ಅದೃಷ್ಟದ ಆಟ, ಏನೂ ಇಳಿಸಬೇಡಿ.

'ಕೊನೆಯ ಹತ್ತರಲ್ಲಿ ಎರಡೇ ಗೆಲುವು' ಎಂಬ ಸಾಲನ್ನು ಮುನ್ನೋಟದ ತಲೆಬರಹ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. 0.400ರ (ನೂರಕ್ಕೆ 40 ಗೆಲ್ಲುವ ಮಟ್ಟದ) ಯಾವುದೇ ತಂಡ ಹತ್ತು ಪಂದ್ಯದಲ್ಲಿ ಎರಡೋ ಅದಕ್ಕಿಂತ ಕಡಿಮೆಯೋ ಗೆಲ್ಲುವ ಸಂಭವ ಆರರಲ್ಲಿ ಒಂದು. ಹತ್ತು ತಂಡದ ಲೀಗ್‌ನಲ್ಲಿ ಆಗಾಗ ಯಾರಾದರೊಬ್ಬರು ಈ ಸ್ಥಿತಿಯಲ್ಲಿರುತ್ತಾರೆ. ಗಾಯಾಳುಗಳ ಪಟ್ಟಿಯಲ್ಲಿ ಕಾರಣ ಸಿಕ್ಕಿದರೆ ಮಾತ್ರ ಬರೆಯಿರಿ.

ಪ್ರಶ್ನೆ: ನನ್ನ ಮೊದಲ ಸ್ಟಾರ್ಟರ್‌ನ (ಪಂದ್ಯ ಆರಂಭಿಸುವ ಪಿಚರ್) ಇಆರ್‌ಎ, ಅಂದರೆ ಫೀಲ್ಡರ್‌ಗಳ ತಪ್ಪು ಬಿಟ್ಟು ಒಂಬತ್ತು ಇನ್ನಿಂಗ್ಸ್‌ಗೆ ಅವನು ಕೊಡುವ ರನ್, 5.20. ಎದುರಾಳಿಯವರು ಮುನ್ನೋಟದಲ್ಲಿ ಅವನನ್ನು 'ಹೊಡೆತಕ್ಕೆ ಸಿದ್ಧವಾದ ಸರಕು' ಎಂದು ಬರೆದಿದ್ದಾರೆ. ಕೈಬಿಡಲೇ? ಲೆಕ್ಕ: 90 ಇನ್ನಿಂಗ್ಸ್, 104 ಹಿಟ್ (ಹೊಡೆದು ಬೇಸ್ ಸೇರಿದ್ದು), ಅದರಲ್ಲಿ 9 ಹೋಮ್ ರನ್ (ಬೇಲಿ ದಾಟಿದ ಹೊಡೆತ), 27 ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಬೇಸ್), 3 ಸಲ ಬ್ಯಾಟರ್‌ಗೆ ಚೆಂಡು ಬಡಿದದ್ದು, 84 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್). (ಕುಂದಾಪುರ)

ಉತ್ತರ: ಕೈಬಿಟ್ಟರೆ ಎದುರಾಳಿಗೇ ಲಾಭ. ಫೀಲ್ಡರ್‌ಗಳ ಕೈಗೆ ಹೋಗದ ಮೂರು ಸಂಗತಿಗಳನ್ನಷ್ಟೇ ಹಿಡಿಯುವ ಎಫ್‌ಐಪಿ ಲೆಕ್ಕ ಮಾಡಿ. ಹೋಮ್ ರನ್‌ಗೆ 13ರಂತೆ 117. ವಾಕ್ ಮತ್ತು ಚೆಂಡು ಬಡಿದದ್ದು ಸೇರಿ 30, ಅದಕ್ಕೆ 3ರಂತೆ 90. ಒಟ್ಟು 207ರಿಂದ ಸ್ಟ್ರೈಕ್‌ಔಟ್‌ಗೆ 2ರಂತೆ 168 ಕಳೆದರೆ 39. ಇದನ್ನು 90 ಇನ್ನಿಂಗ್ಸ್‌ನಿಂದ ಭಾಗಿಸಿದರೆ 0.43. ಇಆರ್‌ಎ ಮಟ್ಟಕ್ಕೆ ಹೋಲಿಸಲು ಇದಕ್ಕೆ ಲೀಗ್‌ನ ಸ್ಥಿರಾಂಕ ಸೇರಿಸಿ. ಮೇಜರ್ ಲೀಗ್‌ನಲ್ಲಿ ಅದು ಸುಮಾರು 3.10, ನಿಮ್ಮ ಆಟದ ಅಂಕಿಅಂಶ ಪುಟದಲ್ಲಿ ಬೇರೆ ಇದ್ದರೆ ಅದನ್ನೇ ಬಳಸಿ. ಬರುವುದು 3.53. ಅಂದರೆ ಹುಡುಗನ ಎಸೆತದಲ್ಲಿ ದೋಷವಿಲ್ಲ.

ಹಾಗಾದರೆ ಇಆರ್‌ಎಯಲ್ಲಿ ಹೆಚ್ಚಾದ 1.67 ರನ್ ಎಲ್ಲಿ ಸೋರಿತು? ಹೋಮ್ ರನ್ ಬಿಟ್ಟು ಉಳಿದ 95 ಹಿಟ್‌ಗಳನ್ನು ಆಟದೊಳಗೆ ಬಿದ್ದ ಚೆಂಡುಗಳ ಸಂಖ್ಯೆಯಿಂದ ಭಾಗಿಸಿ. ಎದುರಿಸಿದ ಬ್ಯಾಟರ್‌ಗಳಲ್ಲಿ ಸ್ಟ್ರೈಕ್‌ಔಟ್, ವಾಕ್, ಚೆಂಡು ಬಡಿದದ್ದು, ಹೋಮ್ ರನ್ ಕಳೆದರೆ ಆ ಸಂಖ್ಯೆ ಸಿಗುತ್ತದೆ. ಸಾಮಾನ್ಯವಾಗಿ ಈ ಪಾಲು 0.300ರ ಆಸುಪಾಸು. ಇವನದು 265ರಲ್ಲಿ 95 ಎಂದಾದರೆ 0.358. ಇಷ್ಟು ಮೇಲೆ ಹೋದಾಗ ಮೊದಲು ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಸ್ಥಾನ) ಮತ್ತು ಸೆಂಟರ್ ಫೀಲ್ಡ್‌ನಲ್ಲಿ ಯಾರನ್ನು ನಿಲ್ಲಿಸಿದ್ದೀರಿ ನೋಡಿ. ಸೋಲುತ್ತಿರುವ ತಂಡದಲ್ಲಿ ರನ್ ಬರುತ್ತಿಲ್ಲ ಎಂಬ ಆತಂಕಕ್ಕೆ ಬ್ಯಾಟ್ ಬೀಸಬಲ್ಲ ಥರ್ಡ್ ಬೇಸ್‌ಮನ್‌ನನ್ನು ಶಾರ್ಟ್‌ಸ್ಟಾಪ್‌ಗೆ ತಳ್ಳುವುದು ಬಹಳ ನಡೆಯುತ್ತದೆ. ಅವನು ಮಾಡುವ ಎರರ್ ಪಟ್ಟಿಯಲ್ಲಿ ಕಾಣುತ್ತದೆ, ಅವನು ಮುಟ್ಟಲಾಗದೆ ಬಿಟ್ಟ ಚೆಂಡು ಪಿಚರ್‌ನ ತಲೆಗೆ ಹಿಟ್ ಆಗಿ ಬೀಳುತ್ತದೆ. ಎರರ್ ಸಂಖ್ಯೆ ನೋಡಿ ಮೋಸಹೋಗಬೇಡಿ, ಆ ಸ್ಥಾನದ ರೇಂಜ್ ರೇಟಿಂಗ್ (ಎಷ್ಟು ದೂರದ ಚೆಂಡನ್ನು ಮುಟ್ಟಬಲ್ಲ ಎಂಬ ಅಂಕ) ನೋಡಿ. ಈ ಪಿಚರ್ ಎಸೆಯುವ ದಿನವಾದರೂ ಒಳ್ಳೆಯ ಶಾರ್ಟ್‌ಸ್ಟಾಪ್‌ನನ್ನು ಇಳಿಸಿ, ಬ್ಯಾಟಿಂಗ್ ಕಡಿಮೆಯಾದರೂ ಚಿಂತೆಯಿಲ್ಲ.

ಫೀಲ್ಡರ್‌ಗಳೆಲ್ಲ ಸರಿಯಿದ್ದರೆ ಅದೃಷ್ಟ ಕೆಟ್ಟಿದೆ ಎಂದುಕೊಂಡು ತಾಳ್ಮೆಯಿಂದ ಆಡಿಸಿ.

ಪ್ರಶ್ನೆ: ಏಳನೇ ಇನ್ನಿಂಗ್ಸ್ ತನಕ ಮುಂದಿದ್ದು ಆಮೇಲೆ ಸೋಲುವುದೇ ನಮ್ಮ ತಂಡದ ಹಣೆಬರಹ, ಅದೂ ಸರಣಿಯ ಮೂರನೇ ದಿನ ಖಂಡಿತ. ಮುನ್ನೋಟದಲ್ಲಿ ಇದನ್ನು ಮೊದಲೇ ಹೇಳಲು ಆಗುತ್ತದೆಯೇ? (ಅಜ್ಜರಕಾಡು, ಉಡುಪಿ)

ಉತ್ತರ: ಆಗುತ್ತದೆ, ಇಷ್ಟು ಚೆನ್ನಾಗಿ ಮೊದಲೇ ಕಾಣುವ ಸಂಗತಿ ಬೇರೊಂದಿಲ್ಲ. ನಿಮ್ಮ ಸ್ಟಾರ್ಟರ್‌ಗಳು ಮೂರು ದಿನಗಳಲ್ಲಿ 5, 5, 4 ಇನ್ನಿಂಗ್ಸ್ ಎಸೆದರೆ 27ರಲ್ಲಿ 13 ಇನ್ನಿಂಗ್ಸ್ ಬುಲ್‌ಪೆನ್ (ಸ್ಟಾರ್ಟರ್ ಇಳಿದ ಮೇಲೆ ಎಸೆಯುವ ರಿಲೀವರ್‌ಗಳ ಗುಂಪು) ಹೊರಬೇಕು. ಬಲಿಷ್ಠ ತಂಡದ ಸ್ಟಾರ್ಟರ್‌ಗಳು ಆರೇಳು ಎಸೆಯುವುದರಿಂದ ಅವರ ರಿಲೀವರ್‌ಗಳಿಗೆ ಇದರ ಅರ್ಧ ಹೊರೆ. ಸರಣಿಯ ಮುನ್ನಾದಿನ ಒಂದು ಕಾಗದದಲ್ಲಿ ಪ್ರತಿ ರಿಲೀವರ್ ಕಳೆದ ಮೂರು ದಿನ ಎಷ್ಟು ಚೆಂಡು ಎಸೆದ ಎಂದು ಬರೆಯಿರಿ. ನಿನ್ನೆ 25 ದಾಟಿದವನನ್ನು ಇಂದು ಇಲ್ಲವೆಂದೇ ತಿಳಿಯಿರಿ. ಎರಡು ದಿನ ಸತತ ಎಸೆದವನೂ ಮೂರನೇ ದಿನಕ್ಕಿಲ್ಲ. ಉಳಿದ ಹೆಸರುಗಳ ಇಆರ್‌ಎ ಬಿಟ್ಟು ವಾಕ್ ಸಂಖ್ಯೆ ನೋಡಿ. ದಣಿದ ಪಿಚರ್‌ನಲ್ಲಿ ಮೊದಲು ಕೆಡುವುದು ಗುರಿ.

ಮೂರನೇ ದಿನಕ್ಕಾಗಿ ಮೂರು ನಾಲ್ಕು ಇನ್ನಿಂಗ್ಸ್ ಎಳೆಯಬಲ್ಲ ಒಬ್ಬನನ್ನು ಮೊದಲೆರಡು ದಿನ ಮುಟ್ಟದೆ ಇಡಿ. ಮೊದಲ ಪಂದ್ಯ 9-1ರಲ್ಲಿ ಸೋಲುತ್ತಿದ್ದರೆ ಕ್ಲೋಸರ್ (ಮುನ್ನಡೆ ಕಾಯುವ ಕೊನೆಯ ಪಿಚರ್) ಬೇಡವೇ ಬೇಡ. ಸೆಟ್ಟಿಂಗ್‌ನಲ್ಲಿ ಇದನ್ನು ನಮೂದಿಸದಿದ್ದರೆ ಗಣಕ ಮ್ಯಾನೇಜರ್ 'ಬಹಳ ದಿನದಿಂದ ಎಸೆದಿಲ್ಲ' ಎಂದು ಅವನನ್ನೇ ಇಳಿಸಿಬಿಡಬಹುದು.

ಇನ್ನೊಂದು, ನಮ್ಮ ಕರಾವಳಿಯ ಮಳೆಗಾಲಕ್ಕೆ ಮುಖ್ಯ. ಜೂನ್ ಬಂತೆಂದರೆ ಕರೆಂಟು, ಇಂಟರ್ನೆಟ್ ಎರಡನ್ನೂ ನಂಬುವ ಹಾಗಿಲ್ಲ. ಗಡುವಿನ ರಾತ್ರಿ ತಂಡದ ಕ್ರಮಪಟ್ಟಿಯ ಫೈಲ್ ಕಳಿಸಲಾಗದಿದ್ದರೆ ಹಳೆಯ ಕ್ರಮಪಟ್ಟಿಯಲ್ಲೇ ಆಟ ಓಡುತ್ತದೆ, ದಣಿದವನೇ ಮತ್ತೆ ಎಸೆಯುತ್ತಾನೆ. ಹಿಂದಿನ ಸಂಜೆಯೇ ಕಳಿಸಿಬಿಡಿ.

ಪ್ರಶ್ನೆ: ಕಡಲತೀರದ ಒದ್ದೆ ಗಾಳಿ ಭಾರ, ಚೆಂಡು ದೂರ ಹಾರುವುದಿಲ್ಲ ಎಂದು ನಮ್ಮ ಲೀಗ್‌ನವರು ಪಣಂಬೂರಿನ ಕಲ್ಪಿತ ಅಂಗಳಕ್ಕೆ ಹೋಮ್ ರನ್ ಅಂಶ 0.85 (ಸರಾಸರಿ ಅಂಗಳಕ್ಕೆ 1.00) ಕೊಟ್ಟಿದ್ದಾರೆ. ಸರಿಯೇ ಮಾರಾಯ್ರೇ? (ಸುರತ್ಕಲ್)

ಉತ್ತರ: ಗಾಳಿಯ ಕಾರಣ ಸರಿಯಲ್ಲ. ನೀರಿನ ಅಣುವಿನ ತೂಕ 18, ಗಾಳಿಯ ಸಾರಜನಕದ್ದು 28, ಆಮ್ಲಜನಕದ್ದು 32. ಹಗುರ ಅಣು ಭಾರದ ಅಣುವಿನ ಜಾಗ ಹಿಡಿಯುವುದರಿಂದ ಅದೇ ಉಷ್ಣಾಂಶದ ಒಣ ಗಾಳಿಗಿಂತ ತೇವದ ಗಾಳಿಯೇ ಹಗುರ. ಮೈಗೆ ಅಂಟುವ ಸೆಕೆ ಭಾರ ಅನಿಸುತ್ತದೆ, ಅಷ್ಟೇ. 30 ಡಿಗ್ರಿಯಲ್ಲಿ ಪೂರ್ತಿ ಒಣ ಗಾಳಿಗೂ ಪೂರ್ತಿ ತೇವದ ಗಾಳಿಗೂ ಇರುವ ಸಾಂದ್ರತೆಯ ವ್ಯತ್ಯಾಸವೇ ಎರಡು ಶೇಕಡಾದೊಳಗೆ. ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದ ಡೆನ್ವರ್‌ನಲ್ಲಿ ಗಾಳಿ ಆರರಲ್ಲೊಂದು ಪಾಲು ತೆಳು, ಅಲ್ಲಿ ಚೆಂಡು ಹಾರುವುದಕ್ಕೆ ಅರ್ಥವಿದೆ.

ತೇವ ಕೆಲಸ ಮಾಡುವುದು ಚೆಂಡಿನ ಮೇಲೆ. ಒದ್ದೆ ಹಿಡಿದ ಚೆಂಡು ಬ್ಯಾಟಿನಿಂದ ಪುಟಿಯುವುದು ಕಡಿಮೆ. ಡೆನ್ವರ್‌ನ ಕೂರ್ಸ್ ಫೀಲ್ಡ್‌ನಲ್ಲಿ 2002ರಿಂದ ಚೆಂಡುಗಳನ್ನು ತೇವ ನಿಯಂತ್ರಿಸುವ ಕೋಣೆಯಲ್ಲಿಡುವುದು ಇದಕ್ಕಾಗಿಯೇ. 2022ರಿಂದ ಮೇಜರ್ ಲೀಗ್‌ನ 30 ಅಂಗಳಗಳಲ್ಲೂ ಆ ವ್ಯವಸ್ಥೆ ಇದೆ. ನಿಮ್ಮ ಲೀಗ್‌ನಲ್ಲೂ ಚೆಂಡು ಹಾಗೇ ಇರುತ್ತದೆಂದು ಭಾವಿಸಿ 1.00 ಇಡಿ. ಹೋಮ್ ರನ್ ಕಡಿಮೆ ಬೇಕೆಂದರೆ ಬೇಲಿ ಹಿಂದೆ ಸರಿಸಿ. ಮೇಜರ್ ಲೀಗ್ ಹೊಸ ಅಂಗಳಗಳಿಗೆ ಹೇಳುವ ಕನಿಷ್ಠ ಅಳತೆ ಬದಿಯ ಗೆರೆಯಲ್ಲಿ 325 ಅಡಿ, ನಡುವೆ 400 ಅಡಿ.

0.85 ಹಾಗೇ ಉಳಿದರೆ ಮುನ್ನೋಟದಲ್ಲಿ ಒಂದು ತಿದ್ದುಪಡಿ ಬೇಕು. ತಂಡ ಅರ್ಧ ಪಂದ್ಯಗಳನ್ನು ಅಲ್ಲೇ ಆಡುವುದರಿಂದ ಅದರ ಋತುವಿನ ಹೋಮ್ ರನ್ ಸಂಖ್ಯೆ ಏಳೆಂಟು ಶೇಕಡಾ ಕಡಿಮೆ ಕಾಣುತ್ತದೆ, ಅದರ ಪಿಚರ್‌ಗಳು ಅಷ್ಟೇ ಚೆನ್ನಾಗಿ ಕಾಣುತ್ತಾರೆ. ಹೊರಗೆ ಆಡುವಾಗ ಎರಡೂ ಬಯಲಾಗುತ್ತವೆ.

ಪ್ರಶ್ನೆ: ನಮ್ಮದು ಕಂಪ್ಯೂಟರ್ ಇಲ್ಲದ ಲೀಗ್, ಸ್ಟ್ರಾಟ್-ಓ-ಮ್ಯಾಟಿಕ್ ಕಾರ್ಡು, ದಾಳ. ಮುನ್ನೋಟಕ್ಕೆ ಏನನ್ನು ಎಣಿಸಬೇಕು? (ಕಂಕನಾಡಿ)

ಉತ್ತರ: 1961ರಿಂದ ಬರುತ್ತಿರುವ ಈ ಆಟದಲ್ಲಿ ಎಲ್ಲ ಲೆಕ್ಕವೂ ಕಾರ್ಡಿನ ಮೇಲೇ ತೆರೆದಿದೆ, ಅದೇ ಇದರ ಸೊಗಸು. ಮೂರು ದಾಳಕ್ಕೆ 216 ಸಾಧ್ಯತೆ. ಒಂದು ದಾಳ ಅಂಕಣ ಆರಿಸುತ್ತದೆ: 1ರಿಂದ 3 ಬಿದ್ದರೆ ಬ್ಯಾಟರ್‌ನ ಕಾರ್ಡು, 4ರಿಂದ 6 ಬಿದ್ದರೆ ಪಿಚರ್‌ನ ಕಾರ್ಡು. ಹೀಗೆ ತಲಾ 108. ಉಳಿದೆರಡು ದಾಳಗಳ ಮೊತ್ತ ಸಾಲನ್ನು ಹೇಳುತ್ತದೆ. 7 ಬೀಳಲು ಆರು ದಾರಿ, 6ಕ್ಕೂ 8ಕ್ಕೂ ಐದೈದು, 2ಕ್ಕೂ 12ಕ್ಕೂ ಒಂದೊಂದೇ. ಸಾಲುಗಳನ್ನು ಎಣಿಸಬೇಡಿ, ದಾರಿಗಳನ್ನು ಎಣಿಸಿ. ಬ್ಯಾಟರ್‌ನ ಕಾರ್ಡಿನಲ್ಲಿ ಬೇಸ್ ಸೇರಿಸುವ ದಾರಿ 38, ಪಿಚರ್‌ನದರಲ್ಲಿ 36 ಇದ್ದರೆ 216ರಲ್ಲಿ 74, ಅಂದರೆ 0.343. 20 ಮುಖದ ದಾಳದಿಂದ ಭಾಗವಾಗುವ ಸಾಲನ್ನು ಅದೇ ಪಾಲಿನಲ್ಲಿ ಎಣಿಸಿ: ಐದು ದಾರಿಯ ಸಾಲಿನಲ್ಲಿ 1ರಿಂದ 8 ಸಿಂಗಲ್ ಎಂದಿದ್ದರೆ ಎರಡು ದಾರಿ. ಒಂಬತ್ತು ಬ್ಯಾಟರ್‌ಗಳಿಗೂ ಎದುರಾಳಿ ಸ್ಟಾರ್ಟರ್‌ನ ವಿರುದ್ಧ ಇದನ್ನು ಮಾಡಿ ಸರಾಸರಿ ತೆಗೆದರೆ ಆ ದಿನದ ಮುನ್ನೋಟ ಸಿದ್ಧ. ಎಡಗೈ, ಬಲಗೈ ಅಂಕಣ ಬೇರೆ ಇರುವ ಕಾರ್ಡಾದರೆ ಸರಿಯಾದ ಬದಿಯನ್ನೇ ಎಣಿಸಿ. ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ.

ಪ್ರಶ್ನೆ: ಸೋತಷ್ಟೂ ಒಳ್ಳೆಯ ಡ್ರಾಫ್ಟ್ (ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು) ಆಯ್ಕೆ ಸಿಗುವಾಗ ತಳದ ತಂಡಗಳು ಗೆಲ್ಲಲು ಯಾಕೆ ಆಡುತ್ತವೆ? ಇಂಥ ಪಂದ್ಯಕ್ಕೆ ಮುನ್ನೋಟ ಬೇಕೇ? (ಬಿಜೈ)

ಉತ್ತರ: ಆ ಆಸೆ ಹುಟ್ಟದಂತೆ ಲೀಗ್ ನಿಯಮ ಬದಲಿಸಬಹುದು. ಮೇಜರ್ ಲೀಗ್ 2023ರ ಡ್ರಾಫ್ಟ್‌ನಿಂದ ಮೊದಲ ಆರು ಆಯ್ಕೆಗಳನ್ನು ಲಾಟರಿಗೆ ಬಿಟ್ಟಿತು. ಅತ್ಯಂತ ಕೆಳಗಿನ ಮೂರು ತಂಡಗಳಿಗೂ ಮೊದಲ ಆಯ್ಕೆಯ ಅವಕಾಶ ಸಮಾನ, 16.5%. ಕೆಲವು ತಂಡಗಳು ಸತತ ಎರಡು ವರ್ಷ ಲಾಟರಿಗೆ ಬರುವಂತಿಲ್ಲ. 2024ರಲ್ಲಿ 121 ಪಂದ್ಯ ಸೋತ ಷಿಕಾಗೊ ವೈಟ್ ಸಾಕ್ಸ್‌ಗೆ ಈ ಕಾರಣಕ್ಕೆ ಮರುವರ್ಷ ಸಿಕ್ಕಿದ್ದು 10ನೇ ಆಯ್ಕೆ. ನಿಮ್ಮ ಲೀಗ್‌ನಲ್ಲೂ ಕೊನೆಯ ಮೂವರಿಗೆ ಚೀಟಿ ಎತ್ತುವ ನಿಯಮ ತಂದರೆ ಸಾಕು.

ಮುನ್ನೋಟ ಖಂಡಿತ ಬೇಕು. ಹೊಸ ಹುಡುಗರಿಗೆ ಮೊದಲ ಅವಕಾಶ ಸಿಗುವುದು ಇಂಥ ತಂಡಗಳಲ್ಲೇ. 2003ರಲ್ಲಿ 119 ಸೋತ ಡೆಟ್ರಾಯ್ಟ್ ಟೈಗರ್ಸ್ 2006ರಲ್ಲಿ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಆಡಿತು. ಮುನ್ನೋಟದಲ್ಲಿ ಎರಡೂ ಕಡೆಯ 23 ವರ್ಷದೊಳಗಿನ ಆಟಗಾರರ ಹೆಸರು, ಈಗಿನ ರೇಟಿಂಗ್, ಮುಂದಿನ ಸಾಮರ್ಥ್ಯದ ರೇಟಿಂಗ್ ಮೂರನ್ನೂ ಕೊಡಿ. ಹುಡುಗರನ್ನು ಬದಲಿಗೆ ಕೇಳಲು ಉಳಿದ ಎಂಟು ಮಾಲೀಕರು ಮೊದಲು ಓದುವುದು ಆ ಸಾಲುಗಳನ್ನೇ.