ಒಂದೇ ಡಯಲ್-ಅಪ್ ಮೋಡೆಮ್‌ನಿಂದ ಮನೆಯ ಎರಡು ಕಂಪ್ಯೂಟರ್‌ಗಳಿಗೆ ಇಂಟರ್ನೆಟ್ ಹಂಚುವುದು ಹೇಗೆ?

ಮೋಡೆಮ್ ಇರುವ ಕಂಪ್ಯೂಟರಿನಲ್ಲಿ ವಿಂಡೋಸ್ 98ರ ಎರಡನೆಯ ಆವೃತ್ತಿ (1999) ಇದ್ದರೆ, ಇನ್ನೊಂದು ಮೋಡೆಮ್ ಆಗಲಿ ದೂರವಾಣಿ ಸಂಪರ್ಕವಾಗಲಿ ಬೇಕಿಲ್ಲ. ಎರಡಕ್ಕೂ ತಲಾ ಒಂದು ಈಥರ್ನೆಟ್ ಕಾರ್ಡ್ (ಕಂಪ್ಯೂಟರುಗಳನ್ನು ಕೇಬಲ್ ಮೂಲಕ ಜೋಡಿಸುವ ಕಾರ್ಡು) ಹಾಕಿ, ಒಳಗಿನ ತಂತಿಗಳನ್ನು ಅದಲುಬದಲು ಮಾಡಿದ ಕ್ರಾಸ್‌ಓವರ್ ಕೇಬಲ್‌ನಿಂದ ನೇರವಾಗಿ ಜೋಡಿಸಬೇಕು. ಒಂದು ಕಾರ್ಡು ಕಳುಹಿಸುವ ತಂತಿಯು ಇನ್ನೊಂದು ಸ್ವೀಕರಿಸುವ ತಂತಿಗೆ ಸೇರಬೇಕಾದ್ದರಿಂದ, ಸಾಮಾನ್ಯ ಕೇಬಲ್ ಬಳಸುವುದಾದರೆ ನಡುವೆ ಹಬ್ (ಹಲವು ಕೇಬಲ್‌ಗಳನ್ನು ಒಂದೆಡೆ ಸೇರಿಸುವ ಪೆಟ್ಟಿಗೆ) ಇರಬೇಕು.

ಬಳಿಕ ಮೋಡೆಮ್ ಇರುವ ಯಂತ್ರದಲ್ಲಿ ‘ಇಂಟರ್ನೆಟ್ ಕನೆಕ್ಷನ್ ಶೇರಿಂಗ್’ ಸೌಲಭ್ಯವನ್ನು ಸ್ಥಾಪಿಸಿದರೆ, ಅದು 192.168.0.1 ಎಂಬ ವಿಳಾಸವನ್ನು ತಾನಿಟ್ಟುಕೊಂಡು ಮತ್ತೊಂದಕ್ಕೆ ಬೇರೆ ವಿಳಾಸವನ್ನು ತಾನಾಗಿಯೇ ಕೊಡುತ್ತದೆ. ಈ ಯಂತ್ರ ಸದಾ ಚಾಲೂ ಇರಬೇಕೆಂಬುದೇ ದೊಡ್ಡ ಕಿರಿಕಿರಿ. ವೇಗವು ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್ ಆದ್ದರಿಂದ, ಒಬ್ಬರು ದೊಡ್ಡ ಕಡತ ಇಳಿಸಿಕೊಳ್ಳುವಾಗ ಇನ್ನೊಬ್ಬರು ಕಾಯುವುದು ಅನಿವಾರ್ಯ. ಕಡತ ಹಂಚಿಕೆಯ ಸೌಲಭ್ಯವನ್ನು ಈಥರ್ನೆಟ್ ಕಾರ್ಡಿಗೆ ಮಾತ್ರ ಇರಿಸಿ, ಮೋಡೆಮ್ ಸಂಪರ್ಕವನ್ನು ಸೂಚಿಸುವ ಡಯಲ್-ಅಪ್ ಅಡಾಪ್ಟರ್‌ನಿಂದ ತಪ್ಪದೇ ತೆಗೆದುಹಾಕಿ. ಇಲ್ಲವಾದರೆ ನಿಮ್ಮ ಕಡತಗಳು ಹೊರಗಿನವರಿಗೂ ಕಾಣಬಹುದು.